ಬೆನ್ನುನೋವು ಮುಚ್ಚಿಟ್ಟವನಿಗೆ

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಂಗ್ಲೆಂಡಿನಿಂದ ನಿನ್ನ ಕಾಗದ ಬಂತು. ನಿನ್ನ ಕೌಂಟಿಯ ಎರಡನೇ ತಂಡದ, ಅದೇ ಸೆಕೆಂಡ್ ಇಲೆವೆನ್, ಮ್ಯಾಚಿನಲ್ಲಿ ತೆಗೆದ ವಿಕೆಟ್ಟು, ಹೊಸ ಬಾಡಿಗೆ ಮನೆ, ನಿಮ್ಮಪ್ಪನ ಜೊತೆಗಿನ ಮಾತುಕತೆ, ಎಲ್ಲ ಓದಿದೆ. ಅವಕ್ಕೆಲ್ಲ ಇನ್ನೊಮ್ಮೆ ಉತ್ತರ ಬರೆದರಾಯಿತು. ಕೊನೆಯ ಪುಟದಲ್ಲಿ ಮಳೆ ಸುದ್ದಿಯ ಕೆಳಗೆ ಒಂದು ಸಾಲು ತುರುಕಿದ್ದೀಯಲ್ಲ: ‘ಎಡಗಡೆ ಸೊಂಟದ ಮೇಲೆ ನೋವಿದೆ, ಸೆಪ್ಟೆಂಬರ್ ತನಕ ಫಿಸಿಯೋಗೆ ಹೇಳಲ್ಲ, ಹೇಳಿದರೆ ಕಾಂಟ್ರಾಕ್ಟ್ ಹೋಗುತ್ತೆ’ ಅಂತ. ಅದನ್ನು ಓದಿದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ.

ಬಲಗೈ ಬೌಲರಿಗೆ ಎಡಗಡೆ ನೋವು. ನನ್ನನ್ನು ಹೆದರಿಸಿದ್ದು ಅದೇ. ವೇಗದ ಬೌಲರುಗಳಿಗೆ ಕೆಳಬೆನ್ನಿನ ಮೂಳೆಯಲ್ಲಿ ಬಿಡುವ ಆ ಸಣ್ಣ ಬಿರುಕು, ಸ್ಟ್ರೆಸ್ ಫ್ರ್ಯಾಕ್ಚರ್, ಸಾಮಾನ್ಯವಾಗಿ ಬರುವುದು ಬೌಲ್ ಮಾಡುವ ಕೈಗೆ ಎದುರು ಮಗ್ಗುಲಲ್ಲಿ. ಮೂಳೆ ಬಿರಿಯುವುದಕ್ಕೆ ಮುಂಚೆಯೇ ಒಳಗಿನ ಊತ ಎಂಆರ್‌ಐನಲ್ಲಿ ಕಾಣಿಸುತ್ತದಂತೆ. ಆಗಲೇ ಹಿಡಿದರೆ ಸ್ವಲ್ಪ ಕಾಲ ಚೆಂಡು ಮುಟ್ಟದೆ ಇದ್ದು ಪಾರಾಗಬಹುದು. ಬಿರಿದ ಮೇಲಾದರೆ ತಿಂಗಳುಗಟ್ಟಲೆ, ಎಷ್ಟೋ ಜನಕ್ಕೆ ಇಡೀ ಸೀಸನ್ನೇ. ನಿನಗಿರುವುದು ಅದೇ ಅಂತ ನಾನು ಹೇಗೆ ಹೇಳಲಿ? ಬರೀ ಸ್ನಾಯು ಹಿಡಿದಿದ್ದರೂ ಹಿಡಿದಿರಬಹುದು. ಆದರೆ ಗೊತ್ತಿಲ್ಲದೆ ದಿನಕ್ಕೆ ಹದಿನೈದು ಓವರ್ ಹಾಕುತ್ತಿದ್ದೀಯಲ್ಲ!

ಸೆಪ್ಟೆಂಬರ್ ಬಗ್ಗೆ ನಿನಗಿರುವ ಭಯ ಸುಳ್ಳು ಎನ್ನುವುದಿಲ್ಲ. ಅಲ್ಲಿ ದೊಡ್ಡ ಮಟ್ಟದಲ್ಲಿ ಆಡುವ ಕೌಂಟಿ (ಜಿಲ್ಲಾ) ತಂಡ ಇರುವುದೇ 18. ಏಪ್ರಿಲ್‌ನ ಚಳಿಯಲ್ಲಿ ಶುರುವಾಗಿ ಸೆಪ್ಟೆಂಬರ್‌ಗೆ ಲೆಕ್ಕ ಚುಕ್ತಾ. ಹಿಂದಿನವರಿಗೆ ಕಾಂಟ್ರಾಕ್ಟ್ ಅಂದರೆ ಬೇಸಿಗೆಯದ್ದು ಮಾತ್ರ. ಚಳಿಗಾಲದಲ್ಲಿ ಸಿಕ್ಕ ಕೆಲಸ ಮಾಡಿಕೊಳ್ಳಬೇಕಿತ್ತು.

ನನಗೆ ಈ ಭಯವೇ ಇರಲಿಲ್ಲ, ಅದಕ್ಕೇ ಬುದ್ಧಿ ಹೇಳುವುದಕ್ಕೆ ಸಂಕೋಚ. ಮಹಾರಾಜ ಕಾಲೇಜು ಮೈದಾನದ ಮ್ಯಾಟಿನ ಮೇಲೆ ಹಾಕಿದ ಬೌಲಿಂಗಿಗೆ ಬ್ಯಾಂಕಿನವರು ಕೆಲಸ ಕೊಟ್ಟರು. ಆಮೇಲೆ ಮಲೆನಾಡಿಗೆ ವರ್ಗ ಆಯಿತು. ಆ ಊರಲ್ಲಿ ಮೈದಾನವೂ ಇರಲಿಲ್ಲ, ತಂಡವೂ ಇರಲಿಲ್ಲ. ಬೌಲಿಂಗ್ ಹೋಯಿತು, ಸಂಬಳ ನಿಲ್ಲಲಿಲ್ಲ. ಇನ್ನೆರಡು ವರ್ಷ ಹಾಕಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಟಿವಿಯಲ್ಲಿ ಯಾರಾದರೂ ಔಟ್‌ಸ್ವಿಂಗರ್ ಹಾಕಿದರೆ ನಿಮ್ಮ ದೊಡ್ಡಮ್ಮ ನನ್ನ ಮಣಿಕಟ್ಟನ್ನೇ ನೋಡುತ್ತಾಳೆ.

ಆ ಬ್ಯಾಂಕ್ ತಂಡದಲ್ಲಿ ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಗೆಳೆಯನ ಕಥೆ ನಿನಗೆ ಹೇಳಿಲ್ಲ. ಅವನು ಇನ್ನೂ ಪ್ರೊಬೇಷನ್ನಿನಲ್ಲಿದ್ದ. ಭುಜ ನೋಯುತ್ತಿತ್ತು, ಬಾಯಿ ಬಿಡಲಿಲ್ಲ. ರಾತ್ರಿ ಬಿಸಿ ಮರಳಿನ ಶಾಖ, ಬೆಳಿಗ್ಗೆ ಅಮೃತಾಂಜನ. ಹೊಸ ಚೆಂಡು ಕೈಗೆ ಬಂದ ಮೇಲೆ ನಗುನಗುತ್ತಾ ಓಡುತ್ತಿದ್ದ. ಕೆಲಸ ಖಾಯಂ ಆಯಿತು. ಅಷ್ಟು ಹೊತ್ತಿಗೆ ತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ರಿಟೈರ್ ಆಗುವ ತನಕ ಮೇಲಿನ ಅರೆಯಿಂದ ಲೆಡ್ಜರ್ ಇಳಿಸಬೇಕಾದರೆ ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿಯುತ್ತಿದ್ದ. ಆದರೂ ಅವನ ಲೆಕ್ಕ ತಪ್ಪಲ್ಲ, ಪುಟ್ಟ. ಮನೆ ಕಟ್ಟಿದ, ಇಬ್ಬರು ಮಕ್ಕಳನ್ನು ಓದಿಸಿದ. ಭುಜ ಕೊಟ್ಟು ಕುರ್ಚಿ ತಗೊಂಡ, ಆ ಕುರ್ಚಿಗೆ ಭುಜ ಬೇಕಾಗಿರಲಿಲ್ಲ. ನೀನು ಬೆನ್ನು ಕೊಟ್ಟು ಸೆಪ್ಟೆಂಬರ್‌ನಲ್ಲಿ ತಗೊಳ್ಳುವ ಕೆಲಸಕ್ಕೆ ಏಪ್ರಿಲ್‌ನಲ್ಲಿ ಅದೇ ಬೆನ್ನು ಬೇಕು. ರಾತ್ರಿಯೆಲ್ಲ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇದೊಂದೇ.

ಲ್ಯಾಂಕಷೈರ್‌ನ ಗ್ಲೆನ್ ಚಾಪಲ್ ಹೆಸರು ಬರೆದಿದ್ದೀಯ. 2011ರಲ್ಲಿ ಟಾಂಟನ್‌ನಲ್ಲಿ ಕುಂಟಿಕೊಂಡೇ ಬೌಲ್ ಮಾಡಿ ಚಾಂಪಿಯನ್‌ಷಿಪ್ ಗೆದ್ದ ಕ್ಯಾಪ್ಟನ್. 1934ರ ನಂತರ ಆ ಕೌಂಟಿ ಯಾರ ಜೊತೆಗೂ ಹಂಚಿಕೊಳ್ಳದೆ ಗೆದ್ದದ್ದು ಆಗಲೇ. ನನಗೂ ಅವನೆಂದರೆ ಇಷ್ಟ. 985 ಫಸ್ಟ್‌ಕ್ಲಾಸ್ ವಿಕೆಟ್, ಒಂದೂ ಟೆಸ್ಟ್ ಇಲ್ಲ. 2006ರಲ್ಲಿ ಇಂಗ್ಲೆಂಡ್ ಪರ ಒಂದೇ ಒಂದು ಏಕದಿನ ಪಂದ್ಯ ಸಿಕ್ಕಿತು, ಅದರಲ್ಲೂ ನಾಲ್ಕು ಓವರಿಗೆ ಪೆಟ್ಟು ಮಾಡಿಕೊಂಡ. ಆದರೆ ಟಾಂಟನ್‌ನಲ್ಲಿ ಅವನು ಕುಂಟುತ್ತಿದ್ದುದು ಇಡೀ ಮೈದಾನಕ್ಕೇ ಕಾಣುತ್ತಿತ್ತು. ಅವನಿಗೆ 37 ವಯಸ್ಸು, ಅದು ಸೀಸನ್ನಿನ ಕೊನೆಯ ಪಂದ್ಯ. ನಿನಗೆ 21.

ಅವನಿಗಿಂತ ಇಂಗ್ಲೆಂಡಿನ ವೇಗದ ಬೌಲರ್ ರೀಸ್ ಟಾಪ್ಲಿಯನ್ನು ನೋಡು. 17ನೇ ವಯಸ್ಸಿಗೇ ಎಸೆಕ್ಸ್‌ಗೆ ಆಡಿದ ಹುಡುಗ. ಬೆನ್ನಿನ ಮೂಳೆ ಒಂದಲ್ಲ, ಹಲವು ಸಲ ಬಿರಿಯಿತು, ಆಪರೇಷನ್ ಆಯಿತು. ಹ್ಯಾಂಪ್‌ಷೈರ್, ಸಸೆಕ್ಸ್, ಸರ್ರೆ ಅಂತ ಕೌಂಟಿ ಬದಲಾಯಿಸಿದ. 2022ರಲ್ಲಿ ಲಾರ್ಡ್ಸ್‌ನಲ್ಲಿ ನಮ್ಮವರ ಮೇಲೆಯೇ 24 ರನ್ನಿಗೆ 6 ವಿಕೆಟ್ ತೆಗೆದ. ಮುಂದಿನ ವರ್ಷ ಆರ್‌ಸಿಬಿಗೆ ಬಂದು ನಮ್ಮ ಚಿನ್ನಸ್ವಾಮಿಯಲ್ಲೇ ಫೀಲ್ಡಿಂಗ್ ಮಾಡುವಾಗ ಭುಜ ಜಾರಿಸಿಕೊಂಡ, ಪಾಪ. ಇದನ್ನು ಧೈರ್ಯಕ್ಕೆ ಬರೆದೆನೋ ಹೆದರಿಸುವುದಕ್ಕೋ, ನನಗೇ ಗೊತ್ತಾಗುತ್ತಿಲ್ಲ.

ನಮ್ಮ ಊರಿನ ಶ್ರೀನಾಥ್ 1995ರಲ್ಲಿ ಗ್ಲೌಸ್ಟರ್‌ಷೈರ್‌ಗೆ ಆಡಿದಾಗ ನಾವೆಲ್ಲ ಪೇಪರಿನ ಮೂಲೆಯಲ್ಲಿ ಸ್ಕೋರ್ ಹುಡುಕುತ್ತಿದ್ದೆವು. ಎರಡು ವರ್ಷಕ್ಕೆ ಭುಜದ ಆಪರೇಷನ್. ಇನ್ನು ಮುಗಿಯಿತು ಅಂದವರು ನಮ್ಮ ಬೀದಿಯಲ್ಲೇ ಇದ್ದರು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ 13 ವಿಕೆಟ್ ತೆಗೆದದ್ದು ಆಪರೇಷನ್ ಆದ ಆ ಭುಜದಲ್ಲಿಯೇ.

ನನಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ಕಾಂಟ್ರಾಕ್ಟ್ ಇರುವಾಗ ಸ್ಕ್ಯಾನು, ಫಿಸಿಯೋ ಎಲ್ಲ ಕ್ಲಬ್ಬಿನ ತಲೆಬಿಸಿ. ಅದು ಕೈಬಿಟ್ಟ ಮೇಲೆ ನೋವು ನಿನ್ನ ಸ್ವಂತದ್ದು. ಕೋಚ್ ಹತ್ತಿರ ಮೊದಲು ಹೋಗಲು ಹೆದರಿಕೆಯಾದರೆ ಆಟಗಾರರ ಸಂಘ ಪಿಸಿಎ ಇದೆಯಲ್ಲ, ಅಲ್ಲಿ ಕೇಳು. 1967ರಲ್ಲಿ ಅದನ್ನು ಕಟ್ಟಿದವನೂ ಫಾಸ್ಟ್ ಬೌಲರೇ, ಸಾಮರ್‌ಸೆಟ್‌ನ ಫ್ರೆಡ್ ರಮ್ಸಿ. ಕೌಂಟಿ ನಿನ್ನನ್ನು ಕೈಬಿಟ್ಟರೂ ಬರ್ಮಿಂಗ್‌ಹ್ಯಾಂನಲ್ಲಿ ಸೌತ್ ಏಷ್ಯನ್ ಕ್ರಿಕೆಟ್ ಅಕಾಡೆಮಿ ಇದೆ, ನಮ್ಮಂಥವರ ಮಕ್ಕಳಿಗೆ ಮತ್ತೆ ಕಾಂಟ್ರಾಕ್ಟ್ ಸಿಗುವ ಹಾಗೆ ತಯಾರು ಮಾಡುತ್ತಾರೆ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಆದರೂ ಬರೆದೆ. ಓದು ಮುಗಿಸು ಅಂತ ಈ ಸಲ ಹೇಳುವುದಿಲ್ಲ. ನಿಮ್ಮಪ್ಪ ಹೇಳುವುದೇ ಸಾಕಷ್ಟಾಯಿತು.

ಸ್ಕ್ಯಾನಿನಲ್ಲಿ ಏನೂ ಇಲ್ಲದಿದ್ದರೆ ಮುದುಕ ಸುಮ್ಮನೆ ಗಾಬರಿಯಾದ ಅಂತ ನಗು, ನನಗೇನೂ ಬೇಜಾರಿಲ್ಲ. ಇದ್ದರೆ ಮೊದಲು ನನಗೆ ಫೋನ್ ಮಾಡು, ಇಲ್ಲಿ ನಡುರಾತ್ರಿಯಾದರೂ ಸರಿ.

ನಿಮ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ. ಬರುವ ಭಾನುವಾರದೊಳಗೆ ನೀನು ಫಿಸಿಯೋ ಹತ್ತಿರ ಹೋಗದಿದ್ದರೆ ಹೇಳುತ್ತೇನೆ. ಕೋಪ ಮಾಡಿಕೊಂಡರೆ ಮಾಡಿಕೋ.

ಇಂತಿ,
ನಿನ್ನ ದೊಡ್ಡಪ್ಪ