ತಿಂಗಳಿಗೊಂದು ಆಫ್ರಿಕಾದ ಪುಸ್ತಕ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ವರ್ಷ ನಮ್ಮ ಲೈಬ್ರರಿಯಲ್ಲಿ ಒಂದು ಹೊಸ ಕೆಲಸ ಶುರುವಾಗುತ್ತಿದೆ. ಪ್ರತಿ ತಿಂಗಳ ಮೊದಲ ಶನಿವಾರ ಆಫ್ರಿಕಾದ ಲೇಖಕರೊಬ್ಬರ ಪುಸ್ತಕವನ್ನು ಮಕ್ಕಳಿಗೆ ಪರಿಚಯಿಸುತ್ತೇವೆ. ದೊಡ್ಡವರು ಓದಬಹುದಾದ ಇನ್ನೊಂದು ಪುಸ್ತಕದ ಹೆಸರನ್ನು ಅದೇ ದಿನ ಮಕ್ಕಳ ಡೈರಿಯಲ್ಲಿ ಬರೆಸಿ ಕಳಿಸುತ್ತೇವೆ. ಆ ಎರಡನೆಯದು ನಿಮಗೆ.

‘ಆಫ್ರಿಕಾದ್ದೇ ಯಾಕೆ ಮೇಡಂ?’ ಅಂತ ಕೆಲವರು ಈಗಾಗಲೇ ಕೇಳಿದ್ದೀರಿ. ಏಳನೇ ತರಗತಿಯಲ್ಲಿ ನಾನೂ ಒಂದು ಪ್ರಶ್ನೆ ಕೇಳಿದ್ದೆ: ಆಫ್ರಿಕಾ ಅಂದರೆ ನಿಮಗೆ ಏನು ನೆನಪಾಗುತ್ತದೆ? ಸಿಂಹ, ಮರುಭೂಮಿ, ಕಾಡು, ಹಸಿವು. ಸುತ್ತಿ ಬಳಸಿ ಇವೇ ಉತ್ತರ. 54 ದೇಶಗಳಿರುವ ಖಂಡದಲ್ಲಿ ತಮ್ಮ ಹಾಗೇ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುವ, ಪರೀಕ್ಷೆಗೆ ಹೆದರುವ ಮಕ್ಕಳಿದ್ದಾರೆ ಅಂತ ಯಾರಿಗೂ ಹೊಳೆಯಲಿಲ್ಲ. ಮಕ್ಕಳನ್ನು ಬೈಯುವಂತಿಲ್ಲ. ಟಿವಿ, ಪಠ್ಯಪುಸ್ತಕ, ನಮ್ಮ ಮಾತು ಎಲ್ಲ ಸೇರಿ ಅವರಿಗೆ ತೋರಿಸಿದ್ದೇ ಅಷ್ಟು.

ನೈಜೀರಿಯಾದ ಲೇಖಕಿ ಚಿಮಮಾಂಡ ಎನ್‌ಗೋಜಿ ಅಡಿಚಿ 2009ರ ಒಂದು ಭಾಷಣದಲ್ಲಿ ತಮ್ಮದೇ ಬಾಲ್ಯದ ಕಥೆ ಹೇಳುತ್ತಾರೆ. ಅವರ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗನ ಬಗ್ಗೆ ಅಮ್ಮ ಹೇಳುತ್ತಿದ್ದದ್ದು ಒಂದೇ: ಅವರ ಮನೆಯವರು ತುಂಬಾ ಬಡವರು. ಒಂದು ದಿನ ಅವನ ಹಳ್ಳಿಗೆ ಹೋದಾಗ, ಅವನ ಸಹೋದರ ಬಣ್ಣದ ನಾರಿನಲ್ಲಿ ಹೆಣೆದ ಚೆಂದದ ಬುಟ್ಟಿಯನ್ನು ಅವನ ತಾಯಿ ತೋರಿಸಿದರಂತೆ. ಆ ಮನೆಯವರು ಏನಾದರೂ ಮಾಡಬಲ್ಲರು ಅಂತ ಅಡಿಚಿಯವರಿಗೆ ಅಲ್ಲಿಯವರೆಗೆ ಅನಿಸಿಯೇ ಇರಲಿಲ್ಲ. ನಮ್ಮ ಮಕ್ಕಳಿಗೂ ಆ ಬುಟ್ಟಿ ಕಾಣಬೇಕು. ಈ ಕೆಲಸ ಶುರು ಮಾಡಿದ್ದು ಅದಕ್ಕೇ.

ಇನ್ನೂ ಒಂದು ಕಾರಣ ನಮ್ಮ ಜಿಲ್ಲೆಯೊಳಗೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಕುಟುಂಬಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಈ ಮಕ್ಕಳು ಇಲ್ಲಿಯವರೇ, ಕನ್ನಡದವರೇ. ಆದರೂ ‘ನೀನು ಎಲ್ಲಿಯವನು?’ ಅನ್ನೋ ಪ್ರಶ್ನೆ ಅವರ ಬೆನ್ನು ಬಿಡುವುದಿಲ್ಲ. ಹಾಗೆ ಕೇಳುವ ಮಕ್ಕಳಿಗೆ ಉಪದೇಶ ಮಾಡುವುದಕ್ಕಿಂತ ನಾಲ್ಕು ಒಳ್ಳೆಯ ಕಥೆ ಕೊಡುವುದು ವಾಸಿ ಅಂತ ನನ್ನ ನಂಬಿಕೆ.

ಈಗ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ.

ಚಿಕ್ಕ ಮಕ್ಕಳಿಗೆ ನೈಜೀರಿಯಾದಲ್ಲಿ ಹುಟ್ಟಿದ ಅಟಿನುಕೆಯವರ ‘ಆನಾ ಹೈಬಿಸ್ಕಸ್’. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರು, ಅತ್ತೆಯಂದಿರು, ಲೆಕ್ಕವಿಲ್ಲದಷ್ಟು ಅಣ್ಣತಮ್ಮಂದಿರು, ಎಲ್ಲರೂ ಒಂದೇ ದೊಡ್ಡ ಬಿಳಿ ಮನೆಯಲ್ಲಿ. ಆನಾಳ ಅವಳಿ ತಮ್ಮಂದಿರ ಹೆಸರು ಡಬಲ್ ಮತ್ತು ಟ್ರಬಲ್. ಒಂದು ಕಥೆಯಲ್ಲಿ ಆನಾ ತನ್ನ ಮನೆಯ ಮರದ ಕಿತ್ತಳೆ ಕಿತ್ತು ಗೇಟಿನಾಚೆ ಮಾರಲು ನಿಲ್ಲುತ್ತಾಳೆ. ಅವಳಿಗೆ ಅದು ಆಟ. ಆದರೆ ದಿನವೂ ಅಲ್ಲಿ ಹಣ್ಣು ಮಾರಿ ಬದುಕುವ ಹುಡುಗಿಯರ ವ್ಯಾಪಾರ ಅವತ್ತು ಕೆಡುತ್ತದೆ. ಮುಂದೆ ಏನಾಯಿತು ಅಂತ ನಿಮ್ಮ ಮಗುವಿನ ಬಾಯಲ್ಲೇ ಕೇಳಿ.

ಆರರಿಂದ ಎಂಟನೇ ತರಗತಿಯವರಿಗೆ ಕೀನ್ಯಾದ ಗೂಗಿ ವಾ ಥಿಯಾಂಗೊ ಅವರ ಒಂದು ಪುಟ್ಟ ಕಥೆ. ಮನುಷ್ಯರೂ ಒಂದು ಕಾಲದಲ್ಲಿ ನಾಲ್ಕು ಕಾಲಲ್ಲಿ ನಡೆಯುತ್ತಿದ್ದರಂತೆ. ಕೈಕಾಲುಗಳ ಹೊಂದಾಣಿಕೆ ನೋಡಿ ಉಳಿದ ಅಂಗಗಳಿಗೆ ಹೊಟ್ಟೆಕಿಚ್ಚು. ನಾಲಿಗೆ ಜಗಳ ಹಚ್ಚುತ್ತದೆ, ಪಂದ್ಯ ಶುರುವಾಗುತ್ತದೆ. ಗೂಗಿ ಇದನ್ನು ಬರೆದದ್ದು ತಮ್ಮ ತಾಯಿನುಡಿ ಗಿಕುಯುವಿನಲ್ಲಿ. ಅಲ್ಲಿಂದ ಅದು ಜಗತ್ತಿನ ಎಷ್ಟೋ ಭಾಷೆಗಳಿಗೆ ಹೋಗಿದೆ. ಗಿಕುಯುವಿನಲ್ಲಿ ನಾಟಕ ಆಡಿಸಿದ್ದಕ್ಕೆ 1977ರ ಕೊನೆಯಲ್ಲಿ ಅವರನ್ನು ಜೈಲಿಗೆ ಹಾಕಿದರು. ಅಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಒಂದು ಇಡೀ ಕಾದಂಬರಿ ಬರೆದರು, ಅದೂ ಗಿಕುಯುವಿನಲ್ಲೇ. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಕನ್ನಡದಲ್ಲಿ ಬರೆದರೆ ಏನು ಬಂತು ಅಂತ ಕೇಳುವ ಮಕ್ಕಳಿಗೆ ಈ ಜೈಲಿನ ಸಂಗತಿಯನ್ನು ನಾನೇ ಹೇಳಬೇಕು ಅಂದುಕೊಂಡಿದ್ದೇನೆ.

ಒಂಬತ್ತು, ಹತ್ತನೇ ತರಗತಿಗೆ ನಾನು ಆರಿಸಿರುವುದು ಜಿಂಬಾಬ್ವೆಯ ತ್ಸಿತ್ಸಿ ಡಂಗರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’. 1988ರ ಪುಸ್ತಕ. ನಮ್ಮ ಪಟ್ಟಿಯಲ್ಲಿ ಸ್ವಲ್ಪ ಹಳೆಯದು, ಆದರೆ ಇದನ್ನು ಬಿಡಲು ಮನಸ್ಸಾಗಲಿಲ್ಲ. ತಾಂಬು ಅನ್ನೋ ಹುಡುಗಿಗೆ ಓದುವ ಆಸೆ. ಇರುವ ಅಷ್ಟಿಷ್ಟು ದುಡ್ಡು ಅಣ್ಣನ ಫೀಸಿಗೇ ಸಾಲದು. ಅವಳು ಅಳುತ್ತಾ ಕೂರುವುದಿಲ್ಲ. ಬಿತ್ತನೆ ಬೀಜ ಕೇಳುತ್ತಾಳೆ. ಅಪ್ಪ ನಗುತ್ತಾನೆ. ಅವ್ವ ಕೊಡಿಸುತ್ತಾಳೆ. ಅಜ್ಜಿ ಬೆಳೆಯುತ್ತಿದ್ದ ಪಾಳು ಜಾಗ ಹಸನು ಮಾಡಿ, ಬೆಳಕು ಹರಿಯುವ ಮೊದಲೇ ಎದ್ದು ಮೆಕ್ಕೆಜೋಳ ಬೆಳೆಯುತ್ತಾಳೆ. ತೆನೆ ಬಲಿಯುವ ಹೊತ್ತಿಗೆ ಒಂದೊಂದಾಗಿ ಮಾಯ! ಕದ್ದು ಗೆಳೆಯರಿಗೆ ಹಂಚುತ್ತಿದ್ದವನು ಸ್ವಂತ ಅಣ್ಣ. ಆಮೇಲೆ ಅವಳ ಮೇಷ್ಟ್ರು ಉಳಿದ ತೆನೆಗಳ ಜೊತೆ ಅವಳನ್ನು ಪೇಟೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬ ಬಿಳಿಯ ಹೆಂಗಸು ಮೊದಲು ಮೇಷ್ಟ್ರಿಗೇ ಬೈದು, ಕೊನೆಗೆ ತಾಂಬುವಿಗೆ ಹತ್ತು ಪೌಂಡ್ ಕೊಡುತ್ತಾಳೆ. ಆ ದುಡ್ಡನ್ನು ಹೆಡ್‌ಮಾಸ್ಟರ್ ಶಾಲೆಯಲ್ಲಿ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಮಗಳ ದುಡ್ಡು ತನ್ನದೇ ಅಂತ ಅಪ್ಪ ಶಾಲೆಗೆ ಬರುತ್ತಾನೆ. ಹೆಡ್‌ಮಾಸ್ಟರ್ ಕೊಡುವುದಿಲ್ಲ.

ಈ ಕುರ್ಚಿಯಲ್ಲಿ ಕೂತು ಆ ಪುಟ ಓದುವಾಗ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಹೊಲದ ಕೆಲಸಕ್ಕೆ, ತಮ್ಮನನ್ನು ನೋಡಿಕೊಳ್ಳುವುದಕ್ಕೆ ಅಂತ ಶಾಲೆ ತಪ್ಪಿಸುವ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಅಲ್ವಾ? ಅವರಿಗೆ ತಾಂಬುವಿನ ಪರಿಚಯ ಆಗಲೇಬೇಕು. ಮುಂದಿನ ಅಧ್ಯಾಯಗಳಲ್ಲಿ ಕೆಲವು ಕಷ್ಟದ ಸಂಗತಿಗಳಿವೆ. ಹಾಗಾಗಿ ಮಕ್ಕಳಿಗೆ ಈ ಮೊದಲ ಭಾಗವನ್ನಷ್ಟೇ ನಾವು ಓದಿ ಹೇಳುತ್ತೇವೆ. ಪೂರ್ತಿ ಪುಸ್ತಕ ನೀವು ಓದಿ.

ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ಅಡಿಚಿಯವರ ‘ಪರ್ಪಲ್ ಹೈಬಿಸ್ಕಸ್’, 2003ರದ್ದು. ಇದನ್ನು ಮಾತ್ರ ತಪ್ಪಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕಂಬಿಲಿಗೆ ಹದಿನೈದು ವರ್ಷ. ಅಪ್ಪ ಶ್ರೀಮಂತ, ದಾನಿ, ಊರಿಗೆಲ್ಲ ಬೇಕಾದವನು. ಮನೆಯಲ್ಲಿ ಮಾತ್ರ ಎಲ್ಲರೂ ಅವನಿಗೆ ನಡುಗುತ್ತಾರೆ. ಮಕ್ಕಳ ದಿನಚರಿಯನ್ನು ಅವನೇ ಬರೆದು ಗೋಡೆಗೆ ಅಂಟಿಸಿರುತ್ತಾನೆ. ಇಷ್ಟು ಹೊತ್ತು ಓದು, ಇಷ್ಟು ಹೊತ್ತು ನಿದ್ದೆ, ಇಷ್ಟು ಹೊತ್ತು ಪ್ರಾರ್ಥನೆ. ಒಂದು ಸಲ ಕಂಬಿಲಿ ತರಗತಿಗೆ ಎರಡನೆಯವಳಾಗುತ್ತಾಳೆ. ಅಪ್ಪ ಶಾಲೆಗೆ ಬಂದು, ಮೊದಲು ಬಂದ ಹುಡುಗಿ ಯಾರು ಅಂತ ತೋರಿಸು ಅನ್ನುತ್ತಾನೆ. ಅವಳಿಗೆ ಎಷ್ಟು ತಲೆ ಇದೆ? ಒಂದು. ಆಮೇಲೆ ಮಗಳ ಮುಖದ ಮುಂದೆ ಕನ್ನಡಿ ಹಿಡಿಸುತ್ತಾನೆ. ನಿನಗೆ ಎಷ್ಟು ತಲೆ? ಒಂದು. ಮತ್ತೆ ಅವಳು ಮೊದಲು ಬಂದದ್ದು ಹೇಗೆ?

ಫಲಿತಾಂಶದ ದಿನ ನನ್ನ ಕೋಣೆಯಲ್ಲಿ ಇಂಥ ಮಾತು ಕೇಳಿದ್ದೇನೆ. ಕನ್ನಡಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಅಪ್ಪನಿಗೂ ಮಗಳ ಮೇಲೆ ಪ್ರೀತಿ ಇತ್ತು. ಪುಸ್ತಕ ಅದನ್ನು ಮುಚ್ಚಿಡುವುದಿಲ್ಲ. ಕಂಬಿಲಿ ಮುಂದೆ ಸೋದರತ್ತೆಯ ಮನೆಗೆ ಹೋಗುತ್ತಾಳೆ. ಪುಟ್ಟ ಮನೆ, ಕರೆಂಟಿಗೂ ಪೆಟ್ರೋಲಿಗೂ ತಾಪತ್ರಯ. ಆದರೆ ಅಲ್ಲಿ ಎಲ್ಲರೂ ಬಾಯಿ ತುಂಬಾ ಮಾತಾಡುತ್ತಾರೆ, ನಗುತ್ತಾರೆ. ಅತ್ತೆ ಆ ದಿನಚರಿಯ ಹಾಳೆಗಳನ್ನು ಕಿತ್ತುಕೊಂಡು ಇಟ್ಟುಕೊಳ್ಳುತ್ತಾಳೆ.

ಆಮೇಲಿನ ತಿಂಗಳುಗಳಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಬರುತ್ತಾರೆ. 2021ರ ನೊಬೆಲ್ ಅವರದ್ದು. ಅವರ ‘ಪ್ಯಾರಡೈಸ್’ನಲ್ಲಿ ಅಪ್ಪನ ಸಾಲಕ್ಕೆ ಹನ್ನೆರಡು ವರ್ಷದ ಯೂಸುಫ್‌ನನ್ನು ವ್ಯಾಪಾರಿಯೊಬ್ಬ ಕರೆದೊಯ್ಯುತ್ತಾನೆ. ಹುಡುಗ ಅವನನ್ನು ಚಿಕ್ಕಪ್ಪ ಅಂದುಕೊಂಡಿರುತ್ತಾನೆ. ನಮ್ಮ ಕಡೆಯ ಜೀತದ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ 2021ರಲ್ಲಿ ದಕ್ಷಿಣ ಆಫ್ರಿಕಾದ ಡೇಮನ್ ಗಾಲ್ಗಟ್‌ಗೆ ಬೂಕರ್, ಸೆನೆಗಲ್‌ನ ಮೊಹಮ್ಮದ್ ಎಂಬುಗಾರ್ ಸಾರ್‌ಗೆ ಫ್ರಾನ್ಸಿನ ಗೊಂಕೂರ್, ಮೊಜಾಂಬಿಕ್‌ನ ಪೌಲಿನಾ ಶಿಜಿಯಾನೆಗೆ ಪೋರ್ಚುಗೀಸ್ ಸಾಹಿತ್ಯದ ಕಮೋಯಿಶ್ ಪ್ರಶಸ್ತಿ ಬಂತು. ಪ್ರಶಸ್ತಿ ನೋಡಿ ಪುಸ್ತಕ ಆರಿಸಿಲ್ಲ. ಆ ಖಂಡದಲ್ಲಿ ಎಷ್ಟೆಲ್ಲಾ ಬರೆಯುತ್ತಿದ್ದಾರೆ ಅಂತ ತಿಳಿಯಲಿ ಅಂತ ಹೇಳಿದೆ.

ಕೆಲವು ಮಾತುಗಳನ್ನು ಈಗಲೇ ಸ್ಪಷ್ಟ ಮಾಡುತ್ತೇನೆ. ಇದಕ್ಕೆ ಅಂಕ ಇಲ್ಲ, ಪರೀಕ್ಷೆ ಇಲ್ಲ, ಪ್ರಾಜೆಕ್ಟ್ ಬರೆಸುವುದೂ ಇಲ್ಲ. ಪುಸ್ತಕ ಕೊಳ್ಳಬೇಕಿಲ್ಲ. ಲೈಬ್ರರಿಯ ಪ್ರತಿಗಳು ಸರದಿಯಂತೆ ಮನೆಗೆ ಬರುತ್ತವೆ. ಕನ್ನಡ ಓದಿನ ಪೀರಿಯಡ್ ಎಂದಿನಂತೆ ಇರುತ್ತದೆ, ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಪುಸ್ತಕಗಳು ಹೆಚ್ಚಿನವು ಇಂಗ್ಲಿಷ್‌ನಲ್ಲಿವೆ, ಹಾಗಾಗಿ ಶಿಕ್ಷಕರು ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಕೆಲವು ಪುಟ ಓದುತ್ತಾರೆ. ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಸಂಕೋಚ ಬೇಡ. ರಾತ್ರಿ ಊಟದ ಹೊತ್ತಿಗೆ ‘ಇವತ್ತಿನ ಕಥೆ ಹೇಳು’ ಅನ್ನಿ. ಮಗು ಕನ್ನಡದಲ್ಲೇ ಹೇಳಲಿ, ಮನೆಮಾತು ಬೇರೆಯಾದರೆ ಆ ಮಾತಿನಲ್ಲೇ ಹೇಳಲಿ. ಮಧ್ಯೆ ತಪ್ಪಿದರೆ ತಿದ್ದಬೇಡಿ, ‘ನೀತಿ ಏನು?’ ಅಂತಲೂ ಕೇಳಬೇಡಿ. ಆಮೇಲೆ ಏನಾಯ್ತು ಅಂತ ಕೇಳಿದರೆ ಸಾಕು.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯವರು, ನೆಂಟರು ಯಾರಾದರೂ ಕೀನ್ಯಾ, ತಾಂಜಾನಿಯಾ, ನೈಜೀರಿಯಾ ಅಥವಾ ಆಫ್ರಿಕಾದ ಬೇರೆ ಯಾವುದೇ ದೇಶದಲ್ಲಿ ಕೆಲಸ ಮಾಡಿದ್ದರೆ ದಯವಿಟ್ಟು ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಅವರು ಊರಿಗೆ ಬಂದಾಗ ಒಂದು ಶನಿವಾರ ಶಾಲೆಗೂ ಬಂದು, ಅಲ್ಲಿ ತಾವಿದ್ದ ಬೀದಿ ಹೇಗಿತ್ತು, ಪಕ್ಕದ ಮನೆಯಲ್ಲಿ ಯಾರಿದ್ದರು, ಏನು ಅಡುಗೆ ಮಾಡುತ್ತಿದ್ದರು ಅಂತ ಮಕ್ಕಳಿಗೆ ಹೇಳಲಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ