ಫ್ಯಾನ್ ಬದಲಿಸಿದರೆ ಸಾಲದು, ನ್ಯೂಟ್ರಲ್ ಕಡೆಗೂ ನೋಡಿ

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದ ಕಲ್ಯಾಣ ಮಂಟಪ, ಆಸ್ಪತ್ರೆ, ವಾಣಿಜ್ಯ ಸಂಕೀರ್ಣಗಳಲ್ಲಿ ಈಗ ಕರೆಂಟ್ ಉಳಿಸುವ ಬಿಎಲ್‌ಡಿಸಿ, ಇಸಿ (ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ನಡೆಯುವ) ಮೋಟಾರಿನ ಫ್ಯಾನುಗಳ ಕಾಲ. 75 ವಾಟ್ ತಿನ್ನುತ್ತಿದ್ದ ಸೀಲಿಂಗ್ ಫ್ಯಾನಿನ ಜಾಗಕ್ಕೆ ಸುಮಾರು 30 ವಾಟಿನದು ಬಂದರೆ ಯಾರು ಬೇಡ ಅಂದಾರು? ಆದರೆ ಇವುಗಳೊಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ವೋಲ್ಟೇಜ್ ತುದಿ ಮುಟ್ಟಿದಾಗ ಮಾತ್ರ ಗಬಕ್ಕನೆ ಎಳೆಯುತ್ತದೆ. ಹಾರ್ಮೋನಿಕ್ಸ್, ಅಂದರೆ ನಮ್ಮ 50 ಹರ್ಟ್ಜ್‌ನ ಮೂರು, ಐದು, ಏಳು ಪಟ್ಟಿನ ಬೇಡದ ಕರೆಂಟ್, ಹುಟ್ಟುವುದು ಅಲ್ಲಿಯೇ.

ಸಿಂಗಲ್ ಫೇಸ್ ಫ್ಯಾನುಗಳಲ್ಲಿ 150 ಹರ್ಟ್ಜ್‌ನ ಮೂರನೇ ಹಾರ್ಮೋನಿಕ್‌ದೇ ಕಾಟ. ಮೂರೂ ಫೇಸಿನ ಲೋಡ್ ಸಮ ಇದ್ದರೆ ಮಾಮೂಲಿ ಕರೆಂಟ್ ನ್ಯೂಟ್ರಲ್‌ನಲ್ಲಿ (ಕರೆಂಟ್ ವಾಪಸ್ ಹೋಗುವ ವೈರಿನಲ್ಲಿ) ರದ್ದಾಗುತ್ತದೆ, ಇದು ಮಾತ್ರ ಕೂಡಿಕೊಳ್ಳುತ್ತದೆ. ಇಂಥ ಲೋಡೇ ತುಂಬಿದ್ದರೆ ನ್ಯೂಟ್ರಲ್ ಕರೆಂಟ್ ಫೇಸಿನ 1.7 ಪಟ್ಟಿನವರೆಗೂ ಏರಬಹುದು. ಹಳೆಯ ಕಟ್ಟಡಗಳಲ್ಲಿ ಅರ್ಧ ಸೈಜಿನ ನ್ಯೂಟ್ರಲ್ ಎಳೆದಿರುವುದೂ ಉಂಟು. ಫೇಸಿಗೆ ಹಾಕಿದ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್) ನ್ಯೂಟ್ರಲ್‌ನ ಈ ಕರೆಂಟಿನ ಸುಳಿವೇ ಸಿಗದು. ಪ್ಯಾನೆಲ್ ಬಾಗಿಲು ತೆಗೆದಾಗ ನ್ಯೂಟ್ರಲ್ ಲಿಂಕಿನ ಬಳಿ ವೈರಿನ ಸಿಪ್ಪೆ ಕಂದಿ, ಗಟ್ಟಿಯಾಗಿ, ಬಿರುಕು ಬಿಟ್ಟಿರುತ್ತದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಸರಿಪಡಿಸಲು ಹಾಕುವ ಕೆಪಾಸಿಟರುಗಳು ಉಬ್ಬಲು ಹಲವೆಡೆ ಈ ಹಾರ್ಮೋನಿಕ್ಸೂ ಕಾರಣ. ಬೈಗುಳ ಮಾತ್ರ ಪಾಪ, ಕೆಪಾಸಿಟರ್ ಮಾರಿದವನಿಗೆ.

ಫ್ಯಾನು ಬೇಡ ಎನ್ನುತ್ತಿಲ್ಲ. ಆಕ್ಟಿವ್ ಪವರ್ ಫ್ಯಾಕ್ಟರ್ ಕರೆಕ್ಷನ್ (ಕರೆಂಟನ್ನು ಸಮನಾಗಿ ಎಳೆಯುವಂತೆ ಮಾಡುವ ಸರ್ಕ್ಯೂಟ್) ಇರುವುದನ್ನೇ ಕೊಳ್ಳಲಿ. ಬೇಸ್‌ಮೆಂಟಿನ ಬ್ಲೋವರ್ ನಡೆಸುವ ತ್ರೀ ಫೇಸ್ ಡ್ರೈವ್‌ಗಳಿಗೆ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಚೋಕ್ ಎಂಬ ಸುರುಳಿ ಹಾಕಿಸಿದರೆ 5 ಮತ್ತು 7ನೇ ಹಾರ್ಮೋನಿಕ್ ಸಾಕಷ್ಟು ತಗ್ಗುತ್ತದೆ, ಖರ್ಚೂ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಎದುರು ಕರೆಂಟ್ ಬಿಟ್ಟು ಹಾರ್ಮೋನಿಕ್ ಅಳಿಸುವ ಆಕ್ಟಿವ್ ಫಿಲ್ಟರ್. ನಮ್ಮ ಪಾಲಿಕೆ, ಸರ್ಕಾರಿ ಕಚೇರಿಗಳು ಫ್ಯಾನಿನ ಟೆಂಡರ್ ಕರೆಯುವಾಗ ವಾಟ್, ಸ್ಟಾರ್ ಜೊತೆಗೆ ಟಿಎಚ್‌ಡಿ (ಕರೆಂಟಿನಲ್ಲಿ ಬೆರೆತ ಒಟ್ಟು ಹಾರ್ಮೋನಿಕ್ಸ್‌ನ ಪ್ರಮಾಣ) ಎಷ್ಟೆಂದೂ ಬರೆಸಿಕೊಳ್ಳಲಿ.

– ಒಬ್ಬ ವಿದ್ಯುತ್ ಗುತ್ತಿಗೆದಾರ, ವಿದ್ಯಾನಗರ, ಹುಬ್ಬಳ್ಳಿ