ಜವಾನನಿಗೆ ಪೊಲೀಸ್ ವೆರಿಫಿಕೇಶನ್, ಶಾಸಕರಿಗೆ?

ಪ್ರೀತಿಯ ಪುಟ್ಟಿ,

ಸರ್ಕಾರಿ ಕಚೇರಿಯ ಜವಾನನ ಕೆಲಸಕ್ಕೂ ಪೊಲೀಸ್ ವೆರಿಫಿಕೇಶನ್ ಇದೆ, ಶಾಸಕರಾಗುವವರಿಗೆ ಯಾಕಿಲ್ಲ ಅಂತ ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ. ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಅಭ್ಯರ್ಥಿ ಬರೆದುಕೊಟ್ಟಿದ್ದು ನಿಜವೇ ಎಂದು ಯಾರು ನೋಡಬೇಕು? ಅವರು ನಿಲ್ಲಬಹುದೇ ಎಂದು ಯಾರು ತೀರ್ಮಾನಿಸಬೇಕು? ಮೊದಲನೆಯದಕ್ಕೆ ಕಟ್ಟುನಿಟ್ಟಿನ ತಪಾಸಣೆ ಬೇಕೇ ಬೇಕು. ಎರಡನೆಯದನ್ನು ಯಾವ ಆಯ್ಕೆ ಸಮಿತಿಯ ಕೈಗೂ ಕೊಡಬಾರದು.

ಈಗ ಇರುವುದು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದರೆ ನಮೂನೆ 26ರ ಅಫಿಡವಿಟ್. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ ತಂದ 33ಬಿ ಕಲಂ 2003ರಲ್ಲಿ ಅದೇ ಕೋರ್ಟಿನಲ್ಲಿ ಬಿದ್ದುಹೋಯಿತು. ಕೇಸು, ಆಸ್ತಿ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಓದು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. 2019ರಿಂದ ಐದು ವರ್ಷಗಳ ಐಟಿ ರಿಟರ್ನ್ ಆದಾಯವೂ ಸೇರಿದೆ.

ಎಡವಟ್ಟಾಗುವುದು ಇದರ ಮುಂದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಮರುದಿನವೇ ಪರಿಶೀಲನೆ. ಕಾಲಂ ಖಾಲಿ ಬಿಟ್ಟು, ಸೂಚನೆ ಕೊಟ್ಟ ಮೇಲೂ ತುಂಬದಿದ್ದರೆ ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಬಹುದು. ತುಂಬಿದ್ದು ಸುಳ್ಳು ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ! ಯಾರಾದರೂ ಅದಕ್ಕೆ ವಿರುದ್ಧವಾಗಿ ಇನ್ನೊಂದು ಅಫಿಡವಿಟ್ ಕೊಟ್ಟರೆ ಅದನ್ನೂ ಪ್ರಕಟಿಸುತ್ತಾರೆ, ಅಷ್ಟೇ. ಸುಳ್ಳು ಹೇಳಿದ್ದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಹೆಚ್ಚೆಂದರೆ ಆರು ತಿಂಗಳ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗೆದ್ದವರ ಆಯ್ಕೆಯನ್ನು ಪ್ರಶ್ನಿಸುವವರು 45 ದಿನಗಳೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ಅದು ಇತ್ಯರ್ಥವಾಗುವ ಹೊತ್ತಿಗೆ ಅವಧಿಯೇ ಮುಗಿದಿರುವುದೂ ಉಂಟು.

ನಾಮಪತ್ರ ವಾಪಸಿನ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನ ಇರುತ್ತದೆ. ಕೇಸುಗಳು ಠಾಣೆ ಮತ್ತು ಕೋರ್ಟ್ ದಾಖಲೆಯಲ್ಲಿವೆ, ಜಮೀನು ಪಹಣಿಯಲ್ಲಿದೆ, ಆದಾಯದ ಲೆಕ್ಕ ತೆರಿಗೆ ಇಲಾಖೆಯಲ್ಲಿದೆ. ಇವನ್ನು ತಾಳೆ ನೋಡಿ, ವ್ಯತ್ಯಾಸವನ್ನು ಅಫಿಡವಿಟ್ ಪಕ್ಕದಲ್ಲೇ ಹಾಕುವ ಹೊಣೆಯನ್ನು ಚುನಾವಣಾ ಆಯೋಗ ಹೊರಬೇಕು. ಹಾಕಬೇಕು, ತೀರ್ಮಾನವನ್ನು ಮತದಾರರಿಗೆ ಬಿಡಬೇಕು.

ಅಲ್ಲೇ ಅನರ್ಹಗೊಳಿಸಿದರೆ ಏನು ತಪ್ಪು ಅಂತೀಯ. ಎಫ್‌ಐಆರ್ ಹಾಕುವ ಪೊಲೀಸರು ಆಳುವವರ ಕೈಕೆಳಗಿದ್ದಾರೆ. ಬರೀ ಎಫ್‌ಐಆರ್ ಇದ್ದರೆ ನಿಲ್ಲುವಂತಿಲ್ಲ ಎಂದಾದರೆ, ಎದುರಾಳಿಯನ್ನು ಕಣದಿಂದ ಹೊರಗಿಡಲು ಒಂದು ದೂರು ಸಾಕು. ಹಾಗಾಗಿಯೇ ಕಾನೂನು ಆರೋಪಕ್ಕಲ್ಲ, ಶಿಕ್ಷೆಗೆ ಕಟ್ಟುಬಿದ್ದಿದೆ: ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ, ಬಿಡುಗಡೆಯ ನಂತರವೂ ಆರು ವರ್ಷ. ಓದಿನ ಅರ್ಹತೆಯನ್ನೂ ಪ್ರಯತ್ನಿಸಿ ನೋಡಿದ್ದಾಗಿದೆ. ಹರಿಯಾಣದಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲಲು ಇಂತಿಷ್ಟು ತರಗತಿ ಪಾಸಾಗಿರಬೇಕೆಂಬ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಶಾಲೆಯೇ ಸಿಗದಿದ್ದ ಬಡ, ದಲಿತ ಹೆಣ್ಣುಮಕ್ಕಳೇ ಅದರಿಂದ ಹೆಚ್ಚಾಗಿ ಹೊರಗುಳಿದರು. ಅಂಥದ್ದೇ ನಿಯಮ ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು.

ಆಯೋಗವೇ ತಾಳೆ ನೋಡುವ ಆ ತಪಾಸಣೆ ಬರುವವರೆಗೆ ಅದನ್ನು ನೀನೇ ಮಾಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅಫಿಡವಿಟ್ ಸಿಗುತ್ತದೆ. ಕೇಸುಗಳ ಸಂಖ್ಯೆ ಎಣಿಸಬೇಡ, ಕಲಂ ಓದು. ನಿಷೇಧಾಜ್ಞೆ ಮುರಿದು ಧರಣಿ ಕೂತವರ ಮೇಲೆ ಹತ್ತು ಕೇಸಿರಬಹುದು. ಕೊಲೆ ಯತ್ನದ ಒಂದೇ ಕೇಸು ಅದಕ್ಕಿಂತ ಭಾರ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಸಂಖ್ಯೆಗಳು ಬದಲಾಗಿವೆ. ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ 302 ಕೊಲೆ. ಹೊಸ ಸಂಹಿತೆಯಲ್ಲಿ ಕೊಲೆ 103, ಅಲ್ಲಿನ 302 ಧಾರ್ಮಿಕ ಭಾವನೆಗೆ ಧಕ್ಕೆ ತರುವ ಮಾತಿಗೆ. ಯಾವ ಕಾಯ್ದೆ ಎಂದು ನೋಡದೆ ಸಂಖ್ಯೆ ಮಾತ್ರ ಓದಿದರೆ ಒಬ್ಬರನ್ನು ಕೊಲೆ ಆರೋಪಿ ಮಾಡಿಬಿಡುತ್ತೀಯ. ಕೋರ್ಟ್ ದೋಷಾರೋಪ ನಿಗದಿ ಮಾಡಿದೆಯೇ ಎಂಬ ಕಾಲಮನ್ನು ಮರೆಯದೆ ನೋಡು. ನಿಗದಿಯಾಗಿದ್ದರೆ, ಮೇಲ್ನೋಟಕ್ಕೆ ಹುರುಳಿದೆ ಎಂದು ನ್ಯಾಯಾಧೀಶರಿಗೆ ಅನಿಸಿದೆ ಎಂದರ್ಥ.

ಆಸ್ತಿಯಲ್ಲಿ ಒಟ್ಟು ಮೊತ್ತ ನೋಡಿ ಬೆಚ್ಚಬೇಡ. ಅಜ್ಜನ ಕಾಲದ ಜಮೀನಿನ ಬೆಲೆ ಏರಿದರೂ ಮೊತ್ತ ಉಬ್ಬುತ್ತದೆ. ಪಿತ್ರಾರ್ಜಿತವೇ ಸ್ವಯಾರ್ಜಿತವೇ, ಖರೀದಿ ಯಾವಾಗ, ಎಷ್ಟಕ್ಕೆ ಎಂಬ ಸಾಲುಗಳಿರುತ್ತವೆ. ಹಿಂದಿನ ಚುನಾವಣೆಯ ಅಫಿಡವಿಟ್ ಪಕ್ಕಕ್ಕಿಟ್ಟು, ನಡುವೆ ಹೊಸದಾಗಿ ಕೊಂಡದ್ದನ್ನು ಮಾತ್ರ ಕೂಡಿಸು. ಅದರಲ್ಲಿ ಹೆಚ್ಚಿದ ಸಾಲವನ್ನು ಕಳೆದು, ಉಳಿದದ್ದನ್ನು ಐದು ವರ್ಷಗಳ ಗಂಡ ಹೆಂಡತಿಯ ಆದಾಯಕ್ಕೆ ಹೋಲಿಸು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಆ ಕಾಲಮಿನಲ್ಲಿ ಅದು ಕಾಣದೇ ಇರಬಹುದು, ಹಳೆ ಆಸ್ತಿ ಮಾರಿಯೂ ಹೊಸದು ಕೊಂಡಿರಬಹುದು. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೊಂದದಿದ್ದರೆ, ಪ್ರಚಾರಕ್ಕೆ ಬಂದಾಗ ಕೇಳು.

ಇನ್ನೊಂದು ಕಾಗದವಿದೆ, ಯಾರೂ ಓದುವುದಿಲ್ಲ. ಕೇಸಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ ಯಾಕೆ ಕೊಟ್ಟೆವು ಎಂದು ಬರೆದು ಪ್ರಕಟಿಸಬೇಕು; ಗೆಲ್ಲುತ್ತಾರೆ ಎಂಬುದಷ್ಟೇ ಕಾರಣವಾಗಕೂಡದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮೂನೆ ಸಿ-7. ಬೇರೆ ಬೇರೆ ಅಭ್ಯರ್ಥಿಗಳಿಗೆ ಒಂದೇ ವಾಕ್ಯವನ್ನು ನಕಲು ಮಾಡಿದ್ದಾರೆಯೇ ನೋಡು, ಪಕ್ಷ ಎಷ್ಟು ಯೋಚಿಸಿದೆ ಎಂದು ತಿಳಿಯುತ್ತದೆ.

ಅಫಿಡವಿಟ್ಟಿನ ಕೊನೆಯಲ್ಲಿ ಭಾಗ ಬಿ ಎಂಬ ಸಾರಾಂಶವಿರುತ್ತದೆ. ಅಷ್ಟನ್ನೇ ಓದಿ ಬಿಡಬೇಡ. ಸರ್ವೆ ನಂಬರು, ಖರೀದಿ ದಿನಾಂಕ, ಎಫ್‌ಐಆರ್ ಸಂಖ್ಯೆ ಇರುವುದು ಭಾಗ ಎಯಲ್ಲಿ.

ನಿನ್ನ ಅಮ್ಮ